ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಸಂಚಾರಸೌಕರ್ಯದ ತಾರತಮ್ಯ

ದಾರಿಯಿರುವುದು ಬೇರೆ, ಆ ದಾರಿಯಲ್ಲಿ ಹೋಗಿಬರುವ ಶಕ್ತಿಯಿರುವುದು ಬೇರೆ. ಮೊದಲನೆಯದನ್ನು ಭೂಪಟದಲ್ಲಿ ಕಾಣಬಹುದು. ಎರಡನೆಯದು ಪ್ರಯಾಣಿಕನ ಹಣವನ್ನೂ ಹೊತ್ತನ್ನೂ ಅವಲಂಬಿಸಿದೆ. ಈ ಭೇದವನ್ನು ವಿಶದಪಡಿಸುವುದಕ್ಕೆ ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರಗಳು ಉತ್ತಮ ನಿದರ್ಶನಗಳಾಗಿವೆ. ಮೂರು ಊರುಗಳಿಗೂ ರೈಲುನಿಲ್ದಾಣವುಂಟು. ಆದರೂ ಅಲ್ಲಿಯ ಬಡಜನರಿಗೆ ಸಂಚಾರಸೌಕರ್ಯವು ಸಮಾನವಾಗಿ ಒದಗಿಲ್ಲ.

ಸಾಗಾಣಿಕೆಯ ಚರಿತ್ರೆಯಲ್ಲಿ ಈ ಸೀಮೆಯ ಹೆಸರು ಹಳೆಯದು. ಚಿಕ್ಕದೇವರಾಜ ಒಡೆಯರ (೧೬೭೨–೧೭೦೪) ಕಾಲದ ಬೆಣ್ಣೆಚಾವಡಿಯು ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಆ ತಳಿಯ ಎತ್ತುಗಳು ದಂಡಿನ ಫಿರಂಗಿಗಳನ್ನೂ ಸಾಮಾನುಗಳನ್ನೂ ಎಳೆದುವು. ಅವುಗಳ ಮೇವಿಗಾಗಿ ಇಲ್ಲಿ ಕಾವಲುಗಳು ಮೀಸಲಾಗಿದ್ದುವು. ಅಜ್ಜಂಪುರದ ಅಮೃತಮಹಲ್ ತಳಿಸಂವರ್ಧನ ಕೇಂದ್ರವು ಅದರ ಕುರುಹು. ಅತ್ಯಂತ ವೇಗದ ಎತ್ತು ರಾಜ್ಯಕಾರ್ಯಕ್ಕೆ ಮೀಸಲಾಗಿತ್ತೇ ಹೊರತು ಸಾಮಾನ್ಯನ ಪ್ರಯಾಣಕ್ಕಲ್ಲ.

ರೈಲು ಬಂದ ಮೇಲೆಯೂ ಈ ಕ್ರಮ ಪೂರ್ಣವಾಗಿ ಬದಲಾಗಲಿಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಮುಖ್ಯ ಮಾರ್ಗವು ಕಡೂರು, ಬೀರೂರು, ಅಜ್ಜಂಪುರಗಳ ಮೂಲಕ ಸಾಗುತ್ತದೆ. ೧೮೯೯ರಲ್ಲಿ ತೆರೆದ ಶಿವಮೊಗ್ಗದ ಕವಲು ಬೀರೂರಿನಲ್ಲಿ ಅಗಲಿ ತರೀಕೆರೆಯನ್ನು ಮುಟ್ಟುತ್ತದೆ. ಬಹುಕಾಲ ಅಜ್ಜಂಪುರವು ತರೀಕೆರೆ ತಾಲ್ಲೂಕಿಗೆ ಸೇರಿದ್ದಿತು. ಆದರೆ ಒಂದೇ ತಾಲ್ಲೂಕಿನ ಈ ಎರಡು ಊರುಗಳಿಗೆ ರೈಲಿನ ಸಂಬಂಧವು ಬೀರೂರಿನಲ್ಲಿ ಮಾತ್ರ. ಒಂದು ಗಾಡಿಯಿಂದಿಳಿದು ಮತ್ತೊಂದನ್ನು ಕಾಯದೆ ಪ್ರಯಾಣ ಮುಗಿಯದು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಇದ್ದ ಕಿರುಹಳಿಯ ರೈಲು ಇಂದು ಇಲ್ಲ.

ಜಿಲ್ಲೆಯ ಮುಖ್ಯಸ್ಥಳದ ವಿಷಯವು ಇನ್ನೂ ವಿಚಾರಾರ್ಹವಾದುದು. ೧೯೪೭ರವರೆಗೆ ಜಿಲ್ಲೆಗೆ ಕಡೂರಿನ ಹೆಸರೇ ಇದ್ದರೂ ಕಚೇರಿಗಳು ಚಿಕ್ಕಮಗಳೂರಿನಲ್ಲಿದ್ದುವು. ಕಡೂರಿನಿಂದ ಆ ಊರಿಗೆ ರೈಲು ದೊರೆತದ್ದು ೨೦೧೩ರಲ್ಲಿ. ಅಂದರೆ ಶತಮಾನಕ್ಕೂ ಮಿಕ್ಕಿ ರೈಲುಳ್ಳ ಊರಿನ ಬಡವನು ಬೆಂಗಳೂರಿಗೆ ಗಾಡಿಯೇರಿ ಹೋಗಬಹುದಾಗಿದ್ದರೂ ತನ್ನ ಜಿಲ್ಲೆಯ ಕಚೇರಿಗೆ ಹಾಗೆ ಹೋಗುವಂತಿರಲಿಲ್ಲ.

ಈ ಕೊರತೆಯನ್ನು ಬಹಳಮಟ್ಟಿಗೆ ತುಂಬಿದುದು ಬಸ್ಸು. ೧೯೪೮ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯೂ ೧೯೬೧ರಲ್ಲಿ ಅದರ ಸ್ಥಾನದಲ್ಲಿ ನಿಗಮವೂ ಏರ್ಪಟ್ಟುವು. ೨೦೨೩ರ ಜೂನ್ ೧೧ರಿಂದ ಶಕ್ತಿಯೋಜನೆಯು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಸ್ತ್ರೀಯರಿಗೆ ಉಚಿತ ಪ್ರಯಾಣವನ್ನಿತ್ತಿತು. ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಖಾಸಗಿ ಬಸ್ಸಿಗೆ ಇದು ಅನ್ವಯಿಸದು; ಆದಕಾರಣ ಖಾಸಗಿ ಬಸ್ಸನ್ನೇ ನಂಬಿದ ದಾರಿಯಲ್ಲಿ ಹೆಂಗಸಿಗೆ ಹಕ್ಕಿದ್ದರೂ ಅದನ್ನು ಸಲ್ಲಿಸಿಕೊಳ್ಳುವ ಬಂಡಿಯಿಲ್ಲ. ಗಂಡಸಿಗಂತೂ ೨೦೨೫ರ ಜನವರಿಯಲ್ಲಿ ದರವು ನೂರಕ್ಕೆ ೧೫ರಂತೆ ಏರಿತು.

ಅದೇ ೨೦೨೩ರ ಜೂನ್ ತಿಂಗಳಲ್ಲಿ ಬೆಂಗಳೂರು–ಧಾರವಾಡ ವಂದೇ ಭಾರತ್ ಗಾಡಿಯೂ ಹೊರಟಿತು. ಮೊದಲಲ್ಲಿ ಅದು ನಡುವೆ ನಿಂತದ್ದು ಯಶವಂತಪುರ, ದಾವಣಗೆರೆ, ಹುಬ್ಬಳ್ಳಿಗಳಲ್ಲಿ ಮಾತ್ರ. ಕಡೂರು, ಅಜ್ಜಂಪುರಗಳ ಜನರಿಗೆ ಅದು ನೋಡುವ ಗಾಡಿಯಾಯಿತೇ ವಿನಾ ಏರುವ ಗಾಡಿಯಾಗಲಿಲ್ಲ.

ಪ್ರಯಾಣದ ನಿಜವಾದ ಬೆಲೆಯು ಚೀಟಿಯ ಮೇಲೆ ಅಚ್ಚಾದುದಷ್ಟೇ ಅಲ್ಲ. ಸಂಬಳದವನಿಗೆ ಕಾಯುವ ಹೊತ್ತು ಬೇಸರ ಮಾತ್ರ. ದಿನಗೂಲಿಯವನಿಗೆ ಅದು ಹೋದ ಕೂಲಿ. ಕಚೇರಿಯಲ್ಲಿ ‘ನಾಳೆ ಬನ್ನಿ’ ಎಂಬ ಒಂದು ಮಾತು ಅವನಿಗೆ ಇನ್ನೊಂದು ದಿನದ ಅನ್ನವನ್ನು ಕಳೆಯುತ್ತದೆ. ಕೊನೆಯ ಬಸ್ಸು ತಪ್ಪಿದರೆ ಉಳ್ಳವನಿಗೆ ಬಾಡಿಗೆಯ ವಾಹನವುಂಟು, ಇಲ್ಲದವನಿಗೆ ಕಾಲುನಡಿಗೆ.

ಅಜ್ಜಂಪುರವು ಈಚೆಗೆ ಪ್ರತ್ಯೇಕ ತಾಲ್ಲೂಕಾದುದನ್ನು ಈ ದೃಷ್ಟಿಯಿಂದ ನೋಡಬೇಕು. ಹಳಿಯೊಂದನ್ನೂ ಹಾಕದೆ, ಬಸ್ಸೊಂದನ್ನೂ ಹೆಚ್ಚಿಸದೆ, ಕಚೇರಿಯನ್ನು ಜನರ ಬಳಿಗೆ ತಂದ ಮಾತ್ರದಿಂದಲೇ ಅಲ್ಲಿನ ಬಡವನ ದಾರಿ ಮೊಟಕಾಯಿತು. ಆದುದರಿಂದ ಸಂಚಾರದ ಸಮತೆಯನ್ನು ಅಳೆಯುವವರು ವಾಹನಗಳನ್ನು ಎಣಿಸಿ ನಿಲ್ಲಿಸಲಾಗದು. ಬಡವನು ತನ್ನ ಕೆಲಸ ಮುಗಿಸಿ, ಕೂಲಿ ಕೆಡದೆ, ಹೊತ್ತು ಮುಳುಗುವುದರೊಳಗೆ ಮನೆ ಸೇರುವನೇ ಎಂಬುದನ್ನು ಕೇಳಬೇಕು. ಊರಿಗೆ ನಿಲ್ದಾಣ ಬಂದುದರಿಂದಲೇ ಊರವರೆಲ್ಲರಿಗೂ ಸಂಚಾರ ಬಂದಂತಾಗದು.