ಹಾಕಿದ್ದನ್ನಷ್ಟೇ ತೆಗೆಯಿರಿ: ತಂತ್ರಾಂಶ ಅಳವಡಿಕೆಯ ನಿಯಮಗಳು

ಸರಳ ಲೋಲಕದ ಪ್ರಯೋಗ ನಿಮಗೆಲ್ಲ ಪರಿಚಿತ. ದಾರದ ಉದ್ದ 100 ಸೆಂ.ಮೀ., ಗುಂಡಿನ ವ್ಯಾಸ 2.5 ಸೆಂ.ಮೀ. ಎಂದಿಟ್ಟುಕೊಳ್ಳಿ. ಲೋಲಕದ ಉದ್ದವನ್ನು ತೂಗುಬಿಂದುವಿನಿಂದ ಗುಂಡಿನ ಕೇಂದ್ರದವರೆಗೆ ಅಳೆಯಬೇಕು. ಆದ್ದರಿಂದ ಅದು 101.25 ಸೆಂ.ಮೀ. ಗುಂಡಿನ ತ್ರಿಜ್ಯವನ್ನು ಸೇರಿಸಲು ಮರೆತರೆ, ಗುರುತ್ವ ವೇಗೋತ್ಕರ್ಷದ ಬೆಲೆ 9.78ರ ಬದಲು 9.66 ಎಂದು ಬರುತ್ತದೆ.

ಈ ಲೆಕ್ಕ ಮಾಡಲು ನೀವು ಸಿ ಭಾಷೆಯಲ್ಲಿ 'ಲೋಲಕ' ಎಂಬ ಕ್ರಮವಿಧಿ ಬರೆದಿದ್ದೀರಿ. ಮೊದಲ ಆವೃತ್ತಿಯಲ್ಲಿ ತ್ರಿಜ್ಯವನ್ನು ಸೇರಿಸಿರಲಿಲ್ಲ. ತಪ್ಪು ಗೊತ್ತಾಯಿತು, ತಿದ್ದಿದಿರಿ, ಮತ್ತೆ ಕಂಪೈಲ್ ಮಾಡಿ ಪ್ರಯೋಗಶಾಲೆಯ ಗಣಕಕ್ಕೆ ಹಾಕಿದಿರಿ. ಆದರೂ ವಿದ್ಯಾರ್ಥಿಗಳಿಗೆ 9.66 ಬರುತ್ತಿದೆ! ಅವರು ತಮ್ಮ ಅಳತೆಯನ್ನು ಶಂಕಿಸುತ್ತಾರೆ, ನೀವು ಅವರ ಸ್ಟಾಪ್‌ವಾಚನ್ನು ಶಂಕಿಸುತ್ತೀರಿ. ದೋಷ ಎಲ್ಲಿದೆ?

ದೋಷ ಅಳತೆಯಲ್ಲೂ ಇಲ್ಲ, ಸೂತ್ರದಲ್ಲೂ ಇಲ್ಲ. ಹಳೆಯ ಪ್ರತಿ /ಯುಎಸ್ಆರ್/ಲೋಕಲ್/ಬಿನ್ ಎಂಬ ಕಡತಕೋಶದಲ್ಲಿ ಉಳಿದಿದೆ. ಹೊಸದನ್ನು ನೀವು /ಯುಎಸ್ಆರ್/ಬಿನ್ ಎಂಬಲ್ಲಿ ಇಟ್ಟಿದ್ದೀರಿ. ಲಿನಕ್ಸ್ ಗಣಕಗಳು ಸಾಮಾನ್ಯವಾಗಿ ಮೊದಲನೆಯದನ್ನು ಮೊದಲು ಹುಡುಕುತ್ತವೆ. ಅಲ್ಲಿ ಸಿಕ್ಕ ಹಳೆಯ ಪ್ರತಿಯೇ ಓಡುತ್ತದೆ. (ಈ ಲೇಖನದಲ್ಲಿ ಆದೇಶಗಳನ್ನು ಕನ್ನಡ ಅಕ್ಷರಗಳಲ್ಲಿ ಕೊಟ್ಟಿದೆ, ಗಣಕಕ್ಕೆ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು.) 'ಟೈಪ್ -ಎ ಲೋಲಕ' ಎಂಬ ಆದೇಶ ಕೊಟ್ಟರೆ ಎರಡು ಪ್ರತಿಗಳ ವಿಳಾಸವೂ ಕಾಣುತ್ತದೆ.

ತಂತ್ರಾಂಶವನ್ನು ಹಾಕುವಾಗ ಅದನ್ನು ತೆಗೆಯುವ ದಾರಿಯನ್ನೂ ಬರೆದಿಡದೆ ಹೋದದ್ದೇ ಇಲ್ಲಿನ ತಪ್ಪು. ಆ ದಾರಿಯನ್ನು ಬರೆಯುವುದು ಹೇಗೆಂದು ನೋಡೋಣ.

ಮೇಕ್ ಎಂಬ ಸಾಧನ

ಸ್ವಾರಸ್ಯದ ಸಂಗತಿಯೆಂದರೆ, ಇದಕ್ಕೆ ಬೇಕಾದ ಸಾಧನ ಹುಟ್ಟಿದ್ದೇ ಇಂಥದೊಂದು ಪೇಚಿನಿಂದ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸ್ಟೀಫನ್ ಜಾನ್ಸನ್ ಒಮ್ಮೆ ಇಡೀ ಬೆಳಗು ತಮ್ಮ ಕ್ರಮವಿಧಿಯ ದೋಷ ಹುಡುಕುತ್ತ ಕುಳಿತರು. ದೋಷವನ್ನು ಅವರು ಆಗಲೇ ತಿದ್ದಿದ್ದರು. ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ, ಅಷ್ಟೆ. ಅವರ ಸಿಟ್ಟನ್ನು ಕೇಳಿಸಿಕೊಂಡ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ 'ಮೇಕ್' ಎಂಬ ಸಾಧನವನ್ನು ರಚಿಸಿದರು. ಇದಕ್ಕಾಗಿ ಅವರಿಗೆ ಎಸಿಎಮ್ ಸಂಸ್ಥೆಯ 2003ರ ತಂತ್ರಾಂಶ ವ್ಯವಸ್ಥೆ ಪ್ರಶಸ್ತಿ ಸಂದಿತು. ಇಂದು ಲಿನಕ್ಸ್‌ನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ರಿಚರ್ಡ್ ಸ್ಟಾಲ್‌ಮನ್ ಮತ್ತು ರೋಲಂಡ್ ಮೆಕ್‌ಗ್ರಾತ್ ಬರೆದ ಗ್ನು ಮೇಕ್.

ಮೇಕ್‌ಗೆ ನಾವು ಕೊಡುವ ಸೂಚನೆಗಳ ಕಡತಕ್ಕೆ 'ಮೇಕ್‌ಫೈಲ್' ಎಂದು ಹೆಸರು. ಅದರ ಪ್ರತಿಯೊಂದು ನಿಯಮದಲ್ಲಿ ಮೂರು ಭಾಗಗಳಿವೆ: ಗುರಿ, ಅದಕ್ಕೆ ಬೇಕಾದ ಸಾಮಗ್ರಿ ಮತ್ತು ಮಾಡುವ ವಿಧಾನ. ಅಡುಗೆ ಪುಸ್ತಕದಂತೆಯೇ ಎನ್ನಿ. ಗುರಿ ಇಲ್ಲದಿದ್ದರೆ ಅಥವಾ ಸಾಮಗ್ರಿಯು ಗುರಿಗಿಂತ ಹೊಸದಾಗಿದ್ದರೆ ಮಾತ್ರ ಮೇಕ್ ಕೆಲಸಕ್ಕೆ ತೊಡಗುತ್ತದೆ. ವಿಧಾನದ ಪ್ರತಿ ಸಾಲೂ ಟ್ಯಾಬ್ ಕೀಲಿಯಿಂದಲೇ ಆರಂಭವಾಗಬೇಕು. ಖಾಲಿ ಜಾಗ ಸಾಲದು. ಹೊಸಬರನ್ನು ಕಾಡುವ ಈ ಕಟ್ಟಳೆಯನ್ನು ಫೆಲ್ಡ್‌ಮನ್ ಬದಲಾಯಿಸಲಿಲ್ಲ. ಆಗಲೇ ಹತ್ತು ಹನ್ನೆರಡು ಮಂದಿ ಮೇಕ್ ಬಳಸುತ್ತಿದ್ದರು, ಅವರಿಗೆ ತೊಂದರೆಯಾಗಬಾರದೆಂದು!

ಅಳವಡಿಕೆ ಎಂದರೇನು?

ಕಂಪೈಲ್ ಮಾಡುವುದು ಬೇರೆ, ಅಳವಡಿಸುವುದು ಬೇರೆ. ಕಂಪೈಲ್ ಮಾಡಿದಾಗ ಸಿದ್ಧವಾದ ಕಡತ ನಿಮ್ಮ ಕೆಲಸದ ಕೋಶದಲ್ಲಿಯೇ ಇರುತ್ತದೆ. ಅದನ್ನು ಎಲ್ಲ ಬಳಕೆದಾರರಿಗೂ ಸಿಗುವ ಜಾಗಕ್ಕೆ ನಕಲಿಸಿ, ತಕ್ಕ ಅನುಮತಿಗಳನ್ನು ಕೊಡುವುದೇ ಅಳವಡಿಕೆ. ನಮ್ಮ ಲೋಲಕಕ್ಕೆ ಮೂರು ಕಡತಗಳಿವೆ ಎನ್ನೋಣ: ಓಡುವ ಕಡತ, ಕೈಪಿಡಿಯ ಪುಟ ಮತ್ತು ಊರುಗಳ ಗುರುತ್ವ ಬೆಲೆಗಳಿರುವ 'ಸ್ಥಳ' ಎಂಬ ದತ್ತಾಂಶ ಕಡತ. ಇವು ಕ್ರಮವಾಗಿ ಬಿನ್, ಶೇರ್/ಮ್ಯಾನ್/ಮ್ಯಾನ್1 ಮತ್ತು ಶೇರ್/ಲೋಲಕ ಎಂಬ ಕೋಶಗಳಿಗೆ ಹೋಗಬೇಕು. ಇವೆಲ್ಲಕ್ಕೂ ಸಮಾನವಾದ ಬುಡದ ವಿಳಾಸವನ್ನು 'ಪ್ರಿಫಿಕ್ಸ್' ಎನ್ನುತ್ತಾರೆ. ನಾವೇ ಕಂಪೈಲ್ ಮಾಡಿದ ತಂತ್ರಾಂಶಕ್ಕೆ ರೂಢಿಯ ಬುಡ /ಯುಎಸ್ಆರ್/ಲೋಕಲ್. ವಿತರಣೆಯೊಂದಿಗೆ ಬಂದ ತಂತ್ರಾಂಶಗಳು /ಯುಎಸ್ಆರ್‌ನಲ್ಲಿ ಇರುವುದರಿಂದ ಎರಡೂ ಬೆರೆಯುವುದಿಲ್ಲ.

ಓಡುವ ಕಡತ ಮತ್ತು ದತ್ತಾಂಶ ಕಡತಗಳಿಗೆ ನಿಯಮ ಹೀಗಿರುತ್ತದೆ:

ಪ್ರಿಫಿಕ್ಸ್ = /ಯುಎಸ್ಆರ್/ಲೋಕಲ್
ಬುಡ = $(ಡೆಸ್ಟ್‌ಡಿರ್)$(ಪ್ರಿಫಿಕ್ಸ್)

ಇನ್‌ಸ್ಟಾಲ್: ಲೋಲಕ
    ಇನ್‌ಸ್ಟಾಲ್ -ಡಿ $(ಬುಡ)/ಬಿನ್ $(ಬುಡ)/ಶೇರ್/ಲೋಲಕ
    ಇನ್‌ಸ್ಟಾಲ್ -ಎಮ್ 755 ಲೋಲಕ $(ಬುಡ)/ಬಿನ್/ಲೋಲಕ
    ಇನ್‌ಸ್ಟಾಲ್ -ಎಮ್ 644 ಸ್ಥಳ $(ಬುಡ)/ಶೇರ್/ಲೋಲಕ/ಸ್ಥಳ

ಇಲ್ಲಿ ಮೊದಲ ಪದ ಗುರಿಯ ಹೆಸರು. ಕೆಳಗಿನ ಸಾಲುಗಳ ಇನ್‌ಸ್ಟಾಲ್ ಕಡತಗಳನ್ನು ನಕಲಿಸುವ ಒಂದು ಆದೇಶ. '-ಡಿ' ಎಂದರೆ ಕೋಶ ಇಲ್ಲದಿದ್ದರೆ ರಚಿಸು ಎಂದರ್ಥ. 755, 644 ಎಂಬ ಅಂಕಿಗಳು ಅನುಮತಿಯ ಸಂಕೇತಗಳು. ಓದಲು 4, ಬರೆಯಲು 2, ಓಡಿಸಲು 1. ಇವುಗಳ ಮೊತ್ತವನ್ನು ಒಡೆಯ, ಗುಂಪು, ಇತರರು ಎಂಬ ಕ್ರಮದಲ್ಲಿ ಬರೆಯುತ್ತಾರೆ. 755 ಎಂದರೆ ಒಡೆಯನಿಗೆ ಎಲ್ಲವೂ, ಉಳಿದವರಿಗೆ ಓದು ಮತ್ತು ಓಟ ಮಾತ್ರ. ದತ್ತಾಂಶವನ್ನು ಯಾರೂ ಓಡಿಸಬೇಕಿಲ್ಲವಾದ್ದರಿಂದ ಅದಕ್ಕೆ 644.

ಡೆಸ್ಟ್‌ಡಿರ್ ಏಕೆ ಬೇಕು? ಲೋಲಕವು ತನ್ನ ದತ್ತಾಂಶವನ್ನು ಎಲ್ಲಿ ಹುಡುಕಬೇಕೆಂಬ ವಿಳಾಸ ಕಂಪೈಲ್ ಆಗುವಾಗಲೇ ಅದರೊಳಗೆ ಸೇರಿಹೋಗಿರುತ್ತದೆ. ಆದ್ದರಿಂದ ಪ್ರಿಫಿಕ್ಸ್ ಅನ್ನು ನಡುವೆ ಬದಲಾಯಿಸುವಂತಿಲ್ಲ. ಡೆಸ್ಟ್‌ಡಿರ್ ಮಾತ್ರ ನಕಲು ಮಾಡುವಾಗಷ್ಟೇ ಮುಂದೆ ಸೇರುವ ತಾತ್ಕಾಲಿಕ ವಿಳಾಸ. ಸಾಮಾನ್ಯವಾಗಿ ಅದು ಖಾಲಿ. ಅದರ ಉಪಯೋಗವನ್ನು ಮುಂದೆ ನೋಡೋಣ.

ಇನ್ನೊಂದು ಎಚ್ಚರಿಕೆ. ಇನ್‌ಸ್ಟಾಲ್ ಎಂಬುದು ತಯಾರಾಗುವ ಕಡತವಲ್ಲ, ಮಾಡುವ ಕೆಲಸ. ಅದೇ ಹೆಸರಿನ ಕಡತವೊಂದು ಕೋಶದಲ್ಲಿದ್ದರೆ ಗುರಿ ಸಿದ್ಧವಿದೆ ಎಂದು ಮೇಕ್ ಸುಮ್ಮನಾಗುತ್ತದೆ. ಇದನ್ನು ತಪ್ಪಿಸಲು 'ಫೋನಿ' ಎಂಬ ಘೋಷಣೆಯಲ್ಲಿ ಇನ್‌ಸ್ಟಾಲ್, ಅನ್‌ಇನ್‌ಸ್ಟಾಲ್ ಎರಡನ್ನೂ ಹೆಸರಿಸಬೇಕು.

ತೆರವಿನ ನಿಯಮ

ಅಳವಡಿಕೆಯ ಪ್ರತಿಯೊಂದು ನಕಲಿಗೂ ಒಂದು ಅಳಿಸುವಿಕೆ ಇರಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಅನ್‌ಇನ್‌ಸ್ಟಾಲ್:
    ಆರ್‌ಎಮ್ -ಎಫ್ $(ಬುಡ)/ಬಿನ್/ಲೋಲಕ
    ಆರ್‌ಎಮ್ -ಎಫ್ $(ಬುಡ)/ಶೇರ್/ಲೋಲಕ/ಸ್ಥಳ
    -ಆರ್‌ಎಮ್‌ಡಿಐಆರ್ $(ಬುಡ)/ಶೇರ್/ಲೋಲಕ

'-ಎಫ್' ಇದ್ದರೆ ಕಡತ ಮೊದಲೇ ಇಲ್ಲದಿದ್ದರೂ ಆದೇಶ ದೂರುವುದಿಲ್ಲ. ಕೊನೆಯ ಸಾಲನ್ನು ಗಮನಿಸಿ. ಆರ್‌ಎಮ್‌ಡಿಐಆರ್ ಖಾಲಿ ಕೋಶವನ್ನು ಮಾತ್ರ ತೆಗೆಯುತ್ತದೆ. ವಿದ್ಯಾರ್ಥಿಯೊಬ್ಬ ಅಲ್ಲಿ ತನ್ನ ಅಳತೆಗಳನ್ನು ಇಟ್ಟಿದ್ದರೆ ಕೋಶ ಹಾಗೆಯೇ ಉಳಿಯುತ್ತದೆ. ಆಗ ಬರುವ ದೋಷಸೂಚನೆಯಿಂದ ಮೇಕ್ ನಿಂತುಹೋಗದಿರಲಿ ಎಂದು ಸಾಲಿನ ಆರಂಭದಲ್ಲಿ ಅಡ್ಡಗೆರೆ ಹಾಕಿದೆ. ಬಿನ್ ಕೋಶವನ್ನು ಮಾತ್ರ ಮುಟ್ಟಿಲ್ಲ. ಅದರಲ್ಲಿ ಇತರರ ತಂತ್ರಾಂಶಗಳೂ ಇರುತ್ತವೆ.

'ಆರ್‌ಎಮ್ -ಆರ್‌ಎಫ್' ಎಂದು ಬರೆದು ಕೋಶವನ್ನೇ ಒಟ್ಟಿಗೆ ಅಳಿಸಿದರೆ ಸುಲಭವಲ್ಲವೆ ಎಂದು ನೀವು ಕೇಳಬಹುದು. ಸುಲಭ ಹೌದು, ಅಪಾಯವೂ ಹೌದು. 2011ರಲ್ಲಿ ಬಂಬಲ್‌ಬೀ ಎಂಬ ಲಿನಕ್ಸ್ ತಂತ್ರಾಂಶದ ಅಳವಡಿಕೆ ಕಡತದಲ್ಲಿ ಒಂದು ವಿಳಾಸದ ನಡುವೆ, /ಯುಎಸ್ಆರ್ ಆದ ಮೇಲೆ, ಒಂದು ಖಾಲಿ ಜಾಗ ನುಸುಳಿತ್ತು. ಗಣಕ ಅದನ್ನು ಎರಡು ವಿಳಾಸಗಳೆಂದು ಓದಿ /ಯುಎಸ್ಆರ್ ಕೋಶವನ್ನೇ ಅಳಿಸಿಹಾಕಿತು. 2015ರ ಜನವರಿಯಲ್ಲಿ ಸ್ಟೀಮ್ ಎಂಬ ಆಟಗಳ ತಂತ್ರಾಂಶದ ಲಿನಕ್ಸ್ ಆವೃತ್ತಿಯಲ್ಲಿ ಇನ್ನೊಂದು ಬಗೆಯ ತಪ್ಪು ಬೆಳಕಿಗೆ ಬಂತು. ವಿಳಾಸವಿರಬೇಕಾದ ಚರಾಂಕ ಖಾಲಿಯಾಗಿದ್ದಾಗ ಆದೇಶವು ಮೂಲಕೋಶದಿಂದಲೇ ಅಳಿಸತೊಡಗಿ, ಬಳಕೆದಾರರ ಸ್ವಂತ ಕಡತಗಳು ನಾಶವಾದವು.

ಮೇಕ್‌ನಲ್ಲಿಯೂ ಬೆಲೆ ಕೊಡದ ಚರಾಂಕ ಸದ್ದಿಲ್ಲದೆ ಖಾಲಿ ಎಂದಾಗುತ್ತದೆ. ಹೆಸರಿನ ಒಂದು ಅಕ್ಷರ ತಪ್ಪಿದರೂ ಸಾಕು. ಆವರಣ ಚಿಹ್ನೆ ಮರೆತರೆ ಡಾಲರ್ ಗುರುತಿನ ಮುಂದಿನ ಒಂದೇ ಅಕ್ಷರವನ್ನು ಮೇಕ್ ಹೆಸರೆಂದು ತಿಳಿಯುತ್ತದೆ. ಆದುದರಿಂದ ಮೊದಲು 'ಮೇಕ್ -ಎನ್ ಅನ್‌ಇನ್‌ಸ್ಟಾಲ್' ಎಂಬ ಆದೇಶ ಕೊಡಿ. ಆಗ ಆದೇಶಗಳು ನೆರವೇರದೆ ಪರದೆಯ ಮೇಲೆ ಮೂಡುತ್ತವೆ. ಪ್ರತಿ ವಿಳಾಸವನ್ನೂ ಕಣ್ಣಾರೆ ಓದಿದ ಮೇಲೆಯೇ ಮುಂದುವರಿಯಿರಿ. ಬೆಲೆಯಿಲ್ಲದ ಚರಾಂಕಗಳನ್ನು ಎತ್ತಿ ತೋರಿಸುವ ಆಯ್ಕೆಯೂ ಗ್ನು ಮೇಕ್‌ನಲ್ಲಿದೆ.

ಒಂದು ಪ್ರಯೋಗ

ನಿಯಮ ಸರಿಯಾಗಿದೆಯೆಂದು ಸಾಧಿಸುವುದು ಹೇಗೆ? ಇಲ್ಲಿ ಡೆಸ್ಟ್‌ಡಿರ್ ನೆರವಿಗೆ ಬರುತ್ತದೆ. ಇದಕ್ಕೆ ಆಡಳಿತಗಾರನ ಅಧಿಕಾರ ಬೇಕಿಲ್ಲ, ತರಗತಿಯಲ್ಲಿ ಮಾಡಬಹುದು.

1. 'ಮೇಕ್ ಇನ್‌ಸ್ಟಾಲ್ ಡೆಸ್ಟ್‌ಡಿರ್=/ಟಿಎಮ್‌ಪಿ/ಪರೀಕ್ಷೆ' ಎಂಬ ಆದೇಶ ಕೊಡಿ. ಕಡತಗಳೆಲ್ಲ ಈ ತಾತ್ಕಾಲಿಕ ಕೋಶದೊಳಗೆ ಹೋಗುತ್ತವೆ.
2. 'ಫೈಂಡ್ /ಟಿಎಮ್‌ಪಿ/ಪರೀಕ್ಷೆ -ಟೈಪ್ ಎಫ್' ಎಂದು ಕೇಳಿ. ಲೋಲಕದ ಮೂರು ಕಡತಗಳು ಕಾಣಬೇಕು.
3. ಅದೇ ಡೆಸ್ಟ್‌ಡಿರ್ ಕೊಟ್ಟು ಅನ್‌ಇನ್‌ಸ್ಟಾಲ್ ಮಾಡಿ, ಮತ್ತೆ ಕೇಳಿ. ಏನೂ ಕಾಣಬಾರದು.
4. ಮತ್ತೊಮ್ಮೆ ಅಳವಡಿಸಿ, ಶೇರ್/ಲೋಲಕದೊಳಗೆ ನಿಮ್ಮದೇ ಒಂದು ಕಡತವನ್ನು ಇಟ್ಟು ತೆರವು ಮಾಡಿ. ಅದು ಮಾತ್ರ ಉಳಿದಿರಬೇಕು.

ನಮ್ಮ ಪಟ್ಟಿಯಲ್ಲಿ ಕೈಪಿಡಿಯ ಪುಟಕ್ಕೆ ಸಾಲು ಬರೆದಿಲ್ಲ, ನೆನಪಿದೆಯೆ? ಅದನ್ನು ಅಳವಡಿಕೆಗೆ ಸೇರಿಸಿ ತೆರವಿಗೆ ಸೇರಿಸಲು ಮರೆತರೆ ಮೂರನೆಯ ಹಂತದಲ್ಲಿ ಒಂದು ಕಡತ ಉಳಿದು ತಪ್ಪನ್ನು ತೋರಿಸುತ್ತದೆ. ನಾಲ್ಕನೆಯ ಹಂತವು ಅತಿಯಾಗಿ ಅಳಿಸುವ ತಪ್ಪನ್ನು ಹಿಡಿಯುತ್ತದೆ. ಎರಡೂ ಬೇಕು.

ಪಟ್ಟಿ ಬದಲಾದಾಗ

ಹೊಸ ಆವೃತ್ತಿಯಲ್ಲಿ 'ಸ್ಥಳ' ಕಡತವನ್ನು ಕೈಬಿಟ್ಟಿರೆನ್ನಿ. ಹೊಸ ಮೇಕ್‌ಫೈಲ್‌ಗೆ ಅದರ ಸುದ್ದಿಯೇ ಗೊತ್ತಿಲ್ಲ. ಹಳೆಯ ಕಡತ ಅನಾಥವಾಗಿ ಉಳಿಯುತ್ತದೆ. ಆದ್ದರಿಂದ ಹಳೆಯ ಆವೃತ್ತಿಯನ್ನು ಅದರದೇ ಮೇಕ್‌ಫೈಲ್‌ನಿಂದ, ಅದೇ ಪ್ರಿಫಿಕ್ಸ್ ಕೊಟ್ಟು ತೆಗೆದ ನಂತರವೇ ಹೊಸದನ್ನು ಹಾಕಬೇಕು. ಹಳೆಯ ಆಕರ ಕೋಶವನ್ನು ಅಲ್ಲಿಯವರೆಗೆ ಎಸೆಯಬೇಡಿ.

ಇನ್ನೊಂದು ದಾರಿ, ಹಾಕಿದ ಕಡತಗಳ ಪಟ್ಟಿಯನ್ನೇ ಬರೆದಿಡುವುದು. ಸಿಮೇಕ್ ಎಂಬ ಸಾಧನ ತೆರವಿನ ನಿಯಮವನ್ನು ತಾನಾಗಿ ಕೊಡುವುದಿಲ್ಲ; ಆದರೆ ಅಳವಡಿಸಿದ ಪ್ರತಿ ಕಡತದ ವಿಳಾಸವನ್ನು ಒಂದು ಪಟ್ಟಿಯಲ್ಲಿ ಬರೆದಿಡುತ್ತದೆ. ಡೆಬಿಯನ್‌ನ ಡಿಪಿಕೆಜಿ, ಫೆಡೋರಾದ ಆರ್‌ಪಿಎಮ್ ವ್ಯವಸ್ಥೆಗಳೂ ಪ್ರತಿ ತಂತ್ರಾಂಶದ ಕಡತಗಳ ಪಟ್ಟಿ ಇಟ್ಟುಕೊಂಡಿರುತ್ತವೆ. ಮೇಕ್‌ಫೈಲ್‌ನಲ್ಲಿ ನಾವು ಕೈಯಿಂದ ಮಾಡಿದ್ದನ್ನೇ ಅವು ಕ್ರಮಬದ್ಧವಾಗಿ ಮಾಡುತ್ತವೆ.

ಈಗ ನಿಮ್ಮ ಪ್ರಯೋಗಶಾಲೆಗೆ ಹಿಂದಿರುಗಿ. ಹಳೆಯ ಲೋಲಕವನ್ನು ತೆಗೆಯಿರಿ, ಹೊಸದನ್ನು ನಿಯಮದ ಮೂಲಕ ಹಾಕಿ, ವಿದ್ಯಾರ್ಥಿಗಳ ಅದೇ ಅಳತೆಗಳನ್ನು ಮತ್ತೆ ಕೊಡಿ. 9.78 ಬರುತ್ತದೆ. ಪಾಪ, ಅವರ ಸ್ಟಾಪ್‌ವಾಚು ಮೊದಲಿನಿಂದಲೂ ಸರಿಯಾಗಿಯೇ ಇತ್ತು.