ಮೋಡದ ಬೀಜ ಮೊಳೆಯುವ ಬಗೆ

ಕಳೆದ ಮಹಾಸಭೆಯ ಊಟದ ಹೊತ್ತಿನಲ್ಲಿ ಹಿರಿಯ ಸದಸ್ಯರೊಬ್ಬರು ನಮ್ಮನ್ನು ಕೇಳಿದರು: "ಸೆಕ್ರೆಟರಿಯವರೇ, ನೆರಳಿನ ಮರ ಕಡಿದದ್ದಕ್ಕೇ ಅಲ್ಲವೇ ಹೂಮಳೆ ತಪ್ಪುತ್ತಿರುವುದು?" ನಾವು ಹಿಂದುಮುಂದು ನೋಡದೆ "ಅಲ್ಲದೆ ಮತ್ತೇನು" ಎಂದುಬಿಟ್ಟೆವು. ಮನೆಗೆ ಬಂದ ಮೇಲೆ, ತಿಳಿಯದೆ ಆಡಿದ ಮಾತೆಂದು ಸಂಕೋಚವಾಯಿತು. ಅನಂತರ ಓದಿ ತಿಳಿದಷ್ಟನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ಗಾಳಿಯಲ್ಲಿ ನೀರಾವಿ ತುಂಬಿದ್ದರೂ, ಅದು ಕೂರಲು ಒಂದು ಕಣ ಇಲ್ಲದೆ ಮೋಡದ ಹನಿಯಾಗದು. ಸ್ಕಾಟ್ಲೆಂಡಿನ ಜಾನ್ ಏಟ್ಕನ್ 1880ರ ದಶಕದಲ್ಲಿಯೇ ಇದನ್ನು ತೋರಿಸಿ, ಕಣಗಳನ್ನು ಎಣಿಸುವ ಉಪಕರಣವನ್ನೂ ಮಾಡಿದ್ದರು. ಧೂಳು, ಹೊಗೆ, ಕಡಲಿನ ಉಪ್ಪು ಸಿದ್ಧ ಕಣಗಳಾಗಿಯೇ ಮೇಲೇರುತ್ತವೆ. ನಮಗೆ ಹೊಸದೆನಿಸಿದ್ದು, ಬರಿಯ ಆವಿಯಿಂದಲೂ ಕಣ ಹುಟ್ಟುತ್ತದೆಂಬುದು. ಜಗತ್ತಿನ ಮೋಡದ ಬೀಜಗಳಲ್ಲಿ ಸುಮಾರು ಅರ್ಧ ಹೀಗೆ ಹುಟ್ಟಿದವೆಂದು ಅಂದಾಜು.

ಕಲ್ಲಿದ್ದಲು, ಎಣ್ಣೆ ಉರಿದಾಗ ಏಳುವ ಗಂಧಕದ ಅನಿಲ ಬಿಸಿಲಿನ ನೆರವಿನಿಂದ ಗಂಧಕಾಮ್ಲದ ಆವಿಯಾಗುತ್ತದೆ. ಅದರ ಕೆಲವು ಅಣುಗಳು ಒಂದಕ್ಕೊಂದು ಅಂಟಿ 1-2 ನ್ಯಾನೊಮೀಟರಿನ ಗುಂಪಾಗುತ್ತವೆ. ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲೇ ನ್ಯಾನೊಮೀಟರ್. ಅಂಟಿದ ಅಣುಗಳು ಮತ್ತೆ ಬಿಟ್ಟುಹೋಗುವುದೇ ಹೆಚ್ಚು. ಅಮೋನಿಯಾ ಸೇರಿದರೆ ನಿಲ್ಲುತ್ತವೆ. ಜಿನೀವಾದ ಸೆರ್ನ್ ಸಂಸ್ಥೆಯಲ್ಲಿ ದೊಡ್ಡ ಉಕ್ಕಿನ ತೊಟ್ಟಿಯೊಳಗೆ ಇದನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಸಾವಿರ ಕೋಟಿ ಪಾಲು ಗಾಳಿಗೆ ಒಂದು ಪಾಲು ಅಮೋನಿಯಾ ಇದ್ದರೂ ಕಣಗಳ ಹುಟ್ಟು 100ರಿಂದ 1,000 ಪಟ್ಟು ಏರಿತಂತೆ. ಮಣ್ಣು ಮುಚ್ಚದೆ ಚೆಲ್ಲಿದ ಯೂರಿಯಾದಿಂದ ಹಾರಿಹೋಗುವುದೂ ಇದೇ ಅಮೋನಿಯಾ. ಸೊಸೈಟಿಯಲ್ಲಿ ಸಾಲ ಮಾಡಿ ಕೊಂಡ ಗೊಬ್ಬರ ಎಂಬುದನ್ನು ಇಲ್ಲಿ ನೆನಪಿಸಿದರೆ ತಪ್ಪಾಗಲಾರದು.

ಮರಗಳ ಪಾಲೂ ಇದೆ. ಪೈನ್ ಮರದ ಘಮದ ಆವಿಯಿಂದ, ಗಂಧಕಾಮ್ಲದ ಹಂಗಿಲ್ಲದೆಯೇ ಕಣ ಹುಟ್ಟಬಲ್ಲದೆಂದು ಅದೇ ತೊಟ್ಟಿಯಲ್ಲಿ ಕಂಡು 2016ರಲ್ಲಿ ತಿಳಿಸಿದರು. ಅಮೆಜಾನ್ ಕಾಡಿನ ಮರಗಳು ಬಿಡುವ ಐಸೊಪ್ರೀನ್ ಆವಿ ಗುಡುಗುಮೋಡಗಳ ಜೊತೆ ಬಹಳ ಎತ್ತರಕ್ಕೇರಿ, ಬೆಳಗಾದ ಮೇಲೆ ಅಲ್ಲಿ ಕಣವಾಗುತ್ತದೆಂಬ ವರದಿ ಬಂದದ್ದು 2024ರಲ್ಲಿ.

ಫಿನ್ಲೆಂಡಿನ ಹ್ಯೂಟಿಯಾಲ ಎಂಬಲ್ಲಿ ಪೈನ್ ಕಾಡಿನ ನಡುವೆ 1996ರಿಂದ ಈ ಹುಟ್ಟನ್ನು ಅಳೆಯುತ್ತಿದ್ದಾರೆ. ವಸಂತದ ಬಿಸಿಲಿನ ದಿನ ಹೊತ್ತೇರುತ್ತಲೇ ಎಳೆಯ ಕಣಗಳು ಕಾಣಿಸಿಕೊಂಡು ಗಂಟೆಗೆ ಕೆಲವೇ ನ್ಯಾನೊಮೀಟರ್ ಬೆಳೆಯುತ್ತವೆ. ಮೋಡದ ಬೀಜವಾಗಲು 50ರಿಂದ 100 ನ್ಯಾನೊಮೀಟರ್ ಬೇಕು. ಅದಕ್ಕೆ ಒಂದೆರಡು ದಿನ. ನಮ್ಮ ಪಾತಿಯ ಸಸಿಗಳಿಗಿಂತಲೂ ಇವುಗಳ ಸಾವು ಹೆಚ್ಚು. ಬಹುಪಾಲು ಎಳೆಯ ಕಣಗಳು ದೊಡ್ಡ ಕಣಗಳಿಗೆ ಅಂಟಿ ಕಣ್ಮರೆಯಾಗುತ್ತವೆ.

ಇನ್ನು ಹೂಮಳೆಯ ಪ್ರಶ್ನೆ. ನಮ್ಮ ತೋಟದ ಮೇಲೆ ಹುಟ್ಟಿದ ಕಣ ಬೀಜವಾಗಿ ಬಲಿಯುವಷ್ಟರಲ್ಲಿ ಗಾಳಿ ಅದನ್ನು ಯಾವ ಸೀಮೆಗೆ ಒಯ್ದಿರುತ್ತದೋ! ಬೀಜ ಹೆಚ್ಚಿದರೆ ಮಳೆ ಹೆಚ್ಚುತ್ತದೆಂದೂ ಇಲ್ಲ. ಇದ್ದ ನೀರೇ ಹಂಚಿಹೋಗಿ ಹನಿಗಳು ಸಣ್ಣವಾಗುತ್ತವೆ, ಬೀಳಲು ತಡ ಮಾಡುತ್ತವೆ. ಮಾರ್ಚ್-ಏಪ್ರಿಲ್‌ನ ಗುಡುಗುಮಳೆಗೆ ಬೀಜಕ್ಕಿಂತ ಮುಖ್ಯವಾಗಿ ಬೇಕಾದದ್ದು ತೇವದ ಗಾಳಿ ಮತ್ತು ಅದನ್ನು ಮೇಲೆತ್ತುವ ಕಾವು.

ಆದ್ದರಿಂದ ಅಂದು ಕೊಟ್ಟ ಉತ್ತರವನ್ನು ಹಿಂದಕ್ಕೆ ಪಡೆಯುತ್ತೇವೆ. ಆ ಸದಸ್ಯರಿಗೆ ಇದನ್ನೇ ಹೇಳಿದಾಗ, "ಹಾಗಾದರೆ ಸಿಲ್ವರ್ ಓಕ್ ಮಾರಿಬಿಡಲೇ?" ಎಂದು ನಕ್ಕರು. ಬೇಸಿಗೆಯಲ್ಲಿ ಅವರ ಮರದಡಿಯ ಮಣ್ಣನ್ನೂ ಬಯಲಿನ ಮಣ್ಣನ್ನೂ ಹಿಡಿದು ನೋಡಿ ಆಮೇಲೆ ತೀರ್ಮಾನಿಸಲು ಹೇಳಿದ್ದೇವೆ.