ಘನವಾದ ಕೆಂಪು ವೈನಿನ ರಸಾಸ್ವಾದ

ಫ್ರಾನ್ಸ್ ದೇಶದ ನೈಋತ್ಯ ಭಾಗದಲ್ಲಿ ಗರೋನ್ ಮತ್ತು ದೊರ್ದೋನ್ ಎಂಬ ಎರಡು ನದಿಗಳು ಕೂಡಿ, ಜಿರೋಂದ್ ಎಂಬ ವಿಸ್ತಾರವಾದ ಅಳಿವೆಯಾಗಿ ಅಟ್ಲಾಂಟಿಕ್ ಸಾಗರದತ್ತ ಸಾಗುವ ಎಡೆಯಲ್ಲಿ, ಅದರ ಎಡದಂಡೆಯ ಉದ್ದಕ್ಕೂ ಹಬ್ಬಿರುವ ಪ್ರದೇಶಕ್ಕೆ ಮೆದೋಕ್ ಎಂದು ಹೆಸರು. ಹದಿನೇಳನೆಯ ಶತಮಾನದಲ್ಲಿ ಡಚ್ ಕುಶಲಿಗಳು ಕಾಲುವೆಗಳನ್ನು ತೋಡಿ ಅಲ್ಲಿಯ ಜೌಗುನೀರನ್ನು ಬಸಿದುಹಾಕಿದ ಮೇಲೆ, ನದಿಗಳು ಅನಾದಿಕಾಲದಿಂದ ತಂದು ಒಟ್ಟಿದ್ದ ಗರಸುಗಲ್ಲಿನ ದಿಣ್ಣೆಗಳು ಬೇಸಾಯಕ್ಕೆ ದೊರೆತುವು. ಧಾನ್ಯ ಬೆಳೆಯುವವನ ದೃಷ್ಟಿಯಲ್ಲಿ ಅದು ಬಡನೆಲ. ಆದರೆ ಬಿದ್ದ ಮಳೆಯನ್ನು ನಿಲ್ಲಗೊಡದೆ ಕೆಳಗಿಳಿಸುವ, ಹಗಲಿನ ಬಿಸಿಲನ್ನು ಹೀರಿಟ್ಟುಕೊಂಡು ಬಳ್ಳಿಗೆ ಮರಳಿ ಕೊಡುವ ಆ ಕಲ್ಲುನೆಲವೇ, ತಡವಾಗಿ ಮಾಗುವ ಕ್ಯಾಬರ್ನೆ ಸೊವಿನ್ಯಾನ್ ಎಂಬ ದ್ರಾಕ್ಷಿಗೆ ಪರಮಾನುಕೂಲವಾಯಿತು. ಬೋರ್ದೋ ನಗರದ ಸುತ್ತಣ ಈ ಸೀಮೆಯ ತೋಟಗಳನ್ನು 1855ರಲ್ಲಿ ಪ್ಯಾರಿಸ್ಸಿನ ಮಹಾಪ್ರದರ್ಶನದ ನಿಮಿತ್ತವಾಗಿ ಐದು ದರ್ಜೆಗಳಲ್ಲಿ ವಿಂಗಡಿಸಲಾಯಿತು. ಆ ಪಟ್ಟಿಯಲ್ಲಿ ಅಲ್ಲಿಂದೀಚೆಗೆ ಆದ ಮಾರ್ಪಾಟುಗಳು ಅತ್ಯಲ್ಪ. 1973ರಲ್ಲಿ ಮೂತೋಂ ರೋತ್‌ಶೀಲ್ಡ್ ತೋಟವು ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿದ್ದೇ ಅವುಗಳಲ್ಲಿ ಪ್ರಸಿದ್ಧವಾದದ್ದು. ಘನವಾದ ಕೆಂಪು ವೈನ್ ಎಂದೊಡನೆ ಲೋಕದ ಬಹುಭಾಗದ ರಸಿಕರ ಮನಸ್ಸಿನಲ್ಲಿ ಮೂಡುವ ಮಾದರಿ ಈ ನೆಲದಿಂದಲೇ ಹೊರಟದ್ದು.

ವೈನಿನಲ್ಲಿ ಘನತೆ ಎಂದರೆ ಏನು? ನಾಲಗೆಯ ಮೇಲೆ ದ್ರವವು ತೂಗುವ ತೂಕವೇ ಅದು. ತಿಳಿಸಾರಿಗೂ ಬೇಳೆ ಕರಗಿದ ಕಟ್ಟುಹುಳಿಗೂ ಬಾಯಿ ಯಾವ ಭೇದವನ್ನು ಕಾಣುವುದೋ, ಅಂಥದೇ ಭೇದವನ್ನು ಅದು ಹಗುರವಾದ ವೈನಿಗೂ ಘನವಾದ ವೈನಿಗೂ ನಡುವೆ ಕಾಣುತ್ತದೆ. ಈ ತೂಕಕ್ಕೆ ಮುಖ್ಯ ಕಾರಣ ಮದ್ಯಸಾರ. ಘನವೈನುಗಳಲ್ಲಿ ಅದು ಸಾಮಾನ್ಯವಾಗಿ ಶೇಕಡ 13.5ರಿಂದ 15ರವರೆಗೆ ಇರುವುದು. ಅದರೊಡನೆ, ಹಣ್ಣಿನಿಂದ ಇಳಿದುಬಂದ ಸಾರಾಂಶಗಳೂ ಟ್ಯಾನಿನ್ ಎಂಬ ಒಗರಿನ ಪದಾರ್ಥವೂ ಸೇರುತ್ತವೆ. ಬಹುತೇಕ ಎಲ್ಲ ಕಪ್ಪುದ್ರಾಕ್ಷಿಗಳ ತಿರುಳಿನ ರಸವು ವರ್ಣಹೀನವಾದದ್ದು. ಬಣ್ಣವಿರುವುದು ಸಿಪ್ಪೆಯಲ್ಲಿ, ಒಗರಿರುವುದು ಸಿಪ್ಪೆಯಲ್ಲಿಯೂ ಬೀಜದಲ್ಲಿಯೂ. ಆದುದರಿಂದಲೇ ಕೆಂಪು ವೈನನ್ನು ಮಾಡುವವರು ರಸವನ್ನು ಸಿಪ್ಪೆಬೀಜಗಳಿಂದ ಬೇರ್ಪಡಿಸದೆ, ಅವುಗಳ ಜೊತೆಯಲ್ಲೇ ಹುಳಿಯಲು ಬಿಟ್ಟು, ಅನೇಕ ದಿನಗಳವರೆಗೆ ನೆನೆಯಿಸುತ್ತಾರೆ. ಕ್ಯಾಬರ್ನೆ ಸೊವಿನ್ಯಾನ್ ಹಣ್ಣು ಗಾತ್ರದಲ್ಲಿ ಸಣ್ಣದು, ಸಿಪ್ಪೆಯಲ್ಲಿ ದಪ್ಪ. ರಸದ ಪ್ರಮಾಣಕ್ಕೆ ಹೋಲಿಸಿದರೆ ಸಿಪ್ಪೆಬೀಜಗಳ ಪಾಲು ಅದರಲ್ಲಿ ಹೆಚ್ಚು. ಆ ವೈನಿನ ಗಾಢವಾದ ಬಣ್ಣಕ್ಕೂ ದೃಢವಾದ ಒಗರಿಗೂ ಮೂಲವಿಲ್ಲಿದೆ.

ಈ ಒಗರು ನಮಗೆ ಅಪರಿಚಿತವಾದುದೇನೂ ಅಲ್ಲ. ಅಡಕೆಯನ್ನು ಅಗಿದವರಿಗೆ, ನೇರಳೆಹಣ್ಣನ್ನು ತಿಂದವರಿಗೆ, ಹಾಲಿಲ್ಲದ ಕಡುಚಹಾ ಕುಡಿದವರಿಗೆ ಅದರ ಅನುಭವವಿದೆ. ನಮ್ಮ ಹಿರಿಯರು ಎಣಿಸಿದ ಷಡ್ರಸಗಳಲ್ಲಿ ಕಷಾಯರಸಕ್ಕೂ ಸ್ಥಾನವುಂಟು. ಬಾಯಿಯ ಜೊಲ್ಲಿನಲ್ಲಿರುವ ಪ್ರೋಟೀನುಗಳೊಡನೆ ಟ್ಯಾನಿನ್ ಕಣಗಳು ಬೆಸೆದು ಗರಣೆಗಟ್ಟುವುದರಿಂದ ನಾಲಗೆ ಒಸಡುಗಳ ಜಾರುಗುಣ ಕುಗ್ಗಿ, ಬಾಯಿ ಒಣಗಿದಂತೆ, ಒಳಗಿನಿಂದ ಹಿಡಿದೆಳೆದಂತೆ ತೋರುತ್ತದೆ. ಬೋರ್ದೋ ಸೀಮೆಯ ಉಗ್ರಾಣಗಳಲ್ಲಿ 225 ಲೀಟರ್ ಹಿಡಿಯುವ ಓಕ್ ಮರದ ಪೀಪಾಯಿಯೊಂದಕ್ಕೆ ಐದಾರು ಮೊಟ್ಟೆಗಳ ಬಿಳಿಯ ಭಾಗವನ್ನು ಕಲಸಿ ಹಾಕುವ ಪೂರ್ವಪದ್ಧತಿಯುಂಟು. ಮೊಟ್ಟೆಯ ಪ್ರೋಟೀನು ಒರಟಾದ ಟ್ಯಾನಿನ್ನನ್ನು ಹಿಡಿದು ತಳಕ್ಕಿಳಿಸುವುದು, ವೈನು ತಿಳಿಯಾಗಿ ಮೃದುವಾಗುವುದು. ಬಾಯಲ್ಲಿ ಕ್ಷಣಮಾತ್ರದಲ್ಲಿ ನಡೆಯುವ ವ್ಯಾಪಾರವನ್ನೇ ಆ ಕುಶಲಿಗಳು ಪೀಪಾಯಿಯಲ್ಲಿ, ಅದರ ರಸಾಯನವನ್ನು ಅರಿಯುವುದಕ್ಕೆ ಮೊದಲೇ, ಕೇವಲ ಅನುಭವದ ಬಲದಿಂದ ಸಾಧಿಸಿಕೊಂಡಿದ್ದರು.

ಹೀಗೆ ಮದ್ಯಸಾರದ ಕಾವು, ಟ್ಯಾನಿನ್ನಿನ ಒಗರು, ಹಣ್ಣಿನ ಹುಳಿ ಇವೆಲ್ಲವೂ ಬಲವಾಗಿ ಕೂಡಿರುವ ಪಾನೀಯವನ್ನು ಮೊದಲ ಸಲ ಸವಿಯುವವನಿಗೆ ಬಲವೊಂದೇ ಗೋಚರವಾಗುವುದು ಸಹಜ. ಆ ಬಲವನ್ನೇ ಗುಣವೆಂದು ಎಣಿಸುವುದೂ ಸಹಜ. ಘನವೈನಿನ ಆಸ್ವಾದದಲ್ಲಿ ಇದಕ್ಕಿಂತ ದೊಡ್ಡ ಭ್ರಾಂತಿ ಬೇರೊಂದಿಲ್ಲ. ಬೋರ್ದೋದಲ್ಲಿ ಪ್ರಾಧ್ಯಾಪಕರಾಗಿದ್ದು, ಆ ಸೀಮೆಯ ವೈನುಗಾರಿಕೆಯನ್ನು ಶಾಸ್ತ್ರೀಯವಾಗಿ ತಿದ್ದಿದ ಎಮಿಲ್ ಪೆಯ್ನೋ (1912–2004) ಅವರು ಈ ವಿಷಯದಲ್ಲಿ ತೋರಿಸಿಕೊಟ್ಟ ಸೂತ್ರ ಸರಳವಾದುದು: ಕೆಂಪು ವೈನಿನಲ್ಲಿ ಮದ್ಯಸಾರವು ಒಂದು ಬಗೆಯ ಸವಿಯನ್ನು ಕೊಡುತ್ತದೆ, ಆ ಸವಿ ಒಂದು ತಟ್ಟೆಯಲ್ಲಿ, ಹುಳಿಯೂ ಒಗರುಕಹಿಗಳೂ ಕೂಡಿ ಇನ್ನೊಂದು ತಟ್ಟೆಯಲ್ಲಿ ಸಮವಾಗಿ ತೂಗಬೇಕು. ಒಗರು ಮಿತಿಮೀರಿದ ವೈನಿನಲ್ಲಿ ಹುಳಿಯೂ ಹೆಚ್ಚಿದ್ದರೆ ಅದು ಕಠೋರವಾಗುವುದು; ಹುಳಿ ತಗ್ಗಿ ಮದ್ಯಸಾರ ಏರಿದರೆ ಗಂಟಲು ಸುಡುವುದು, ರುಚಿ ಜಡವಾಗುವುದು. ಯಾವ ಅಂಶವೂ ತಾನೇ ತಾನಾಗಿ ಮುಂದೆ ಬಂದು ನಿಲ್ಲದೆ, ಎಲ್ಲವೂ ಒಂದನ್ನೊಂದು ಆತುಕೊಂಡು ನಿಂತಾಗ ಮಾತ್ರ ಘನತೆ ಎಂಬುದು ಗುಣವೆನಿಸಿಕೊಳ್ಳುತ್ತದೆ. ಬಲವನ್ನು ಯಾರೂ ಗುರುತಿಸಬಲ್ಲರು. ಸಾಮರಸ್ಯವನ್ನು ಗುರುತಿಸಲು ಅಭ್ಯಾಸ ಬೇಕು.

ಅಭ್ಯಾಸದ ಕ್ರಮ ಕಣ್ಣಿನಿಂದ ಮೊದಲಾಗುತ್ತದೆ. ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿರುವ ತಿಳಿಗಾಜಿನ ಲೋಟದಲ್ಲಿ 50 ಮಿಲಿಲೀಟರಿನಷ್ಟು ವೈನನ್ನು ಸುರಿದು, ಬಿಳಿಯ ಬಟ್ಟೆಯ ಮೇಲೆ ಓರೆಯಾಗಿ ಹಿಡಿದು ಅಂಚನ್ನು ನೋಡಬೇಕು. ಎಳೆಯ ವೈನಿನ ಅಂಚು ನೇರಳೆ ಛಾಯೆಯದು. ವರ್ಷಗಳು ಕಳೆದಂತೆ ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಲೋಟವನ್ನು ತಿರುಗಿಸಿದಾಗ ಗಾಜಿನ ಒಳಮೈಯಲ್ಲಿ ಹನಿಗಳು ಸಾಲಾಗಿ ಇಳಿಯುವುದನ್ನು ಕೆಲವರು ಶ್ರೇಷ್ಠತೆಯ ಕುರುಹೆಂದು ಕೊಂಡಾಡುವುದುಂಟು. ಮದ್ಯಸಾರವು ನೀರಿಗಿಂತ ಬೇಗನೆ ಆವಿಯಾಗುವುದರಿಂದ ದ್ರವದ ಮೇಲ್ಮೈಯ ಸೆಳೆತದಲ್ಲಿ ಉಂಟಾಗುವ ವ್ಯತ್ಯಾಸವೇ ಅದಕ್ಕೆ ಕಾರಣವಾದುದರಿಂದ, ಅದು ಮದ್ಯಸಾರದ ಸಾಕ್ಷಿಯೇ ಹೊರತು ಯೋಗ್ಯತೆಯ ಸಾಕ್ಷಿಯಲ್ಲ. ಬಣ್ಣದ ಗಾಢತೆಯನ್ನೂ ಹಾಗೆಯೇ ಪೂರ್ಣವಾಗಿ ನಂಬಲಾಗದು. ಇಟಲಿಯ ಪಿಯೆಮೊಂತೆ ಪ್ರಾಂತದ ನೆಬ್ಬಿಯೋಲೊ ದ್ರಾಕ್ಷಿಯಿಂದಾಗುವ ಬರೋಲೊ ಎಂಬ ವೈನು ನೋಡಲು ತೆಳುಗೆಂಪು, ಬೆಳಕು ಹಾಯುವಷ್ಟು ಪಾರದರ್ಶಕ; ಬಾಯಲ್ಲಿಟ್ಟಾಗಲಾದರೋ ಒಗರಿನಲ್ಲಿ ಅದನ್ನು ಮೀರಿಸುವ ವೈನುಗಳು ವಿರಳ.

ಕಣ್ಣಿನ ಬಳಿಕ ಮೂಗು. ನಾಲಗೆ ಬಲ್ಲ ಮೂಲರುಚಿಗಳು ಕೆಲವೇ. ನಾವು ರುಚಿಯೆಂದು ಕರೆಯುವುದರಲ್ಲಿ ಬಹುಪಾಲು, ಬಾಯಿಯ ಹಿಂಭಾಗದಿಂದ ಮೂಗಿಗೇರುವ ಪರಿಮಳವೇ ಆಗಿದೆ. ಲೋಟವನ್ನು ಅಲುಗಿಸದೆ ಒಮ್ಮೆ, ತಿರುಗಿಸಿ ಮತ್ತೊಮ್ಮೆ ಮೂಸಿದರೆ ಗಂಧಗಳು ಪದರಪದರವಾಗಿ ಬಿಚ್ಚಿಕೊಳ್ಳುತ್ತವೆ. ಪೂರ್ತಿ ಮಾಗದ ಕ್ಯಾಬರ್ನೆಯಲ್ಲಿ ದೊಣ್ಣೆಮೆಣಸಿನಕಾಯಿಯ ಹಸುರುವಾಸನೆ ತೋರುವುದು, ಎರಡರಲ್ಲಿಯೂ ಪಿರಜೀನ್ ಎಂಬ ಒಂದೇ ಕುಲದ ಪದಾರ್ಥವಿರುವುದರಿಂದ. ಓಕ್ ಪೀಪಾಯಿಯಿಂದ ಲವಂಗದ ಪರಿಮಳವೂ ವೆನಿಲ್ಲಾದ ಪರಿಮಳವೂ ಬರುತ್ತವೆ. ಫ್ರಾನ್ಸಿನ ರೋನ್ ಕಣಿವೆಯ ಉತ್ತರಭಾಗದ ಎರ್ಮಿತಾಜ್ ಗುಡ್ಡದಲ್ಲಿ ಬೆಳೆಯುವ ಸಿರಾ ದ್ರಾಕ್ಷಿಯ ವೈನು ಕರಿಮೆಣಸಿನ ಘಮವನ್ನು ಬೀರುವುದು ಬಹುಕಾಲದಿಂದ ತಿಳಿದ ಸಂಗತಿ. ಅದಕ್ಕೆ ಕಾರಣ ರೊಟಂಡೋನ್ ಎಂಬ ಪದಾರ್ಥವೆಂದೂ, ನಮ್ಮ ಮಲೆನಾಡಿನಲ್ಲಿ ಬೆಳೆಯುವ ಕರಿಮೆಣಸಿಗೆ ಘಮ ಕೊಡುವುದೂ ಅದೇ ಎಂದೂ ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ಅದೇ ಸಂಶೋಧನೆಯಲ್ಲಿ, ಸುಮಾರು ಐವರಲ್ಲೊಬ್ಬರಿಗೆ ಆ ವಾಸನೆ ತಿಳಿಯುವುದೇ ಇಲ್ಲವೆಂಬುದೂ ಗೊತ್ತಾಯಿತು. ಆದುದರಿಂದ ಬೇರೊಬ್ಬರು ಕಂಡ ಗಂಧ ತನಗೆ ಕಾಣದಿದ್ದರೆ ನಾಚಬೇಕಾದುದಿಲ್ಲ. ಕಾಣದಿದ್ದುದನ್ನು ಕಂಡಂತೆ ಹೇಳುವುದಷ್ಟೇ ತಪ್ಪು. ಯೂರೋಪಿನವರು ಬ್ಲ್ಯಾಕ್‌ಕರಂಟ್ ಹಣ್ಣಿನ ಹೆಸರು ಹೇಳುವೆಡೆ ನಮ್ಮವರೊಬ್ಬರಿಗೆ ನೇರಳೆಯೋ ಹೊಗೆಸೊಪ್ಪೋ ಮಳೆಗೆ ನೆನೆದ ಮಣ್ಣೋ ನೆನಪಾದರೆ ಅದನ್ನೇ ಹೇಳತಕ್ಕದ್ದು. ನೆನಪಿಲ್ಲದ ಗಂಧದ ಹೆಸರನ್ನು ಎರವಲು ತಂದರೆ ಅದರಿಂದ ಆಸ್ವಾದ ಬೆಳೆಯುವುದಿಲ್ಲ.

ಬಾಯಲ್ಲಿ ಪರೀಕ್ಷಿಸುವಾಗ ಸಣ್ಣದೊಂದು ಗುಟುಕು ಸಾಕು. ಅದನ್ನು ನಾಲಗೆಯ ಮೇಲೆಲ್ಲ ಹರಿದಾಡಿಸಿ, ತುಟಿಗಳ ನಡುವಿನಿಂದ ತುಸು ಗಾಳಿಯನ್ನು ಒಳಗೆಳೆದುಕೊಂಡು, ಮೊದಲು ಸವಿಯನ್ನೂ ಬಳಿಕ ಹುಳಿಯನ್ನೂ ಕಡೆಯಲ್ಲಿ ಒಗರನ್ನೂ ಒಂದೊಂದಾಗಿ ಲಕ್ಷಿಸಬೇಕು. ಹುಳಿ ಇದ್ದಲ್ಲಿ ಬಾಯಿ ನೀರೂರುತ್ತದೆ. ಒಗರು ಇದ್ದಲ್ಲಿ ಒಣಗುತ್ತದೆ. ಒಗರಿನಲ್ಲಿಯೂ ತಾರತಮ್ಯವುಂಟು: ಹಣ್ಣಾದ ಸಿಪ್ಪೆಯ ಒಗರು ನಯವಾಗಿ ಹರಡಿಕೊಳ್ಳುವುದು, ಹಸಿ ಬೀಜದ ಒಗರು ಕಹಿಯೊಡನೆ ಗೀರುವುದು. ಆಮೇಲೆ ವೈನನ್ನು ಉಗುಳಿಬಿಡಬೇಕು. ಪರೀಕ್ಷಕರೆಲ್ಲರ ವಾಡಿಕೆ ಅದು. ಅಮಲು ಬುದ್ಧಿಯನ್ನು ಮಸಕುಗೊಳಿಸುವುದರಿಂದ, ಮಿತಿಯಿಲ್ಲದೆ ಕುಡಿದವನು ಮೊದಲು ಕಳೆದುಕೊಳ್ಳುವುದು ತಾನು ಸವಿಯಹೊರಟ ಆ ಸೂಕ್ಷ್ಮವನ್ನೇ. ಬಾಯಿ ಬರಿದಾದ ಬಳಿಕವೂ ಪರಿಮಳ ಎಷ್ಟು ಹೊತ್ತು ಉಳಿಯುವುದೆಂದು ಎಣಿಸುವುದು ಮುಂದಿನ ಕೆಲಸ. ಫ್ರೆಂಚರು ಇದಕ್ಕೆ ಕೊದಾಲಿ ಎಂಬ ಮಾನವನ್ನು ಕಲ್ಪಿಸಿ, ಒಂದು ಕ್ಷಣಕ್ಕೆ, ಎಂದರೆ ಒಂದು ಸೆಕೆಂಡಿಗೆ, ಒಂದು ಕೊದಾಲಿಯೆಂದು ಗಣಿಸುತ್ತಾರೆ. ಅಬ್ಬರದಿಂದ ಬಾಯಿಗೆ ನುಗ್ಗಿ ಮರುಗಳಿಗೆಯಲ್ಲಿ ಬರಿದಾಗುವ ಘನವೈನುಗಳು ಅನೇಕವಿವೆ. ಹಾಗೆ ನುಗ್ಗದಿದ್ದರೂ ಬಹುಕಾಲ ನಿಲ್ಲುವುದು ಅವೆಲ್ಲಕ್ಕಿಂತ ಮೇಲು.

ಇಂದ್ರಿಯಗಳು ಮನಸ್ಸಿನ ಮಾತಿಗೆ ಎಷ್ಟು ಸುಲಭವಾಗಿ ಮರುಳಾಗುತ್ತವೆಂಬುದಕ್ಕೆ ಬೋರ್ದೋದಲ್ಲಿಯೇ ನಡೆದ ಒಂದು ಪ್ರಯೋಗ ನಿದರ್ಶನವಾಗಿದೆ. ವೈನುಶಾಸ್ತ್ರದ 54 ವಿದ್ಯಾರ್ಥಿಗಳ ಮುಂದೆ ಬಿಳಿಯ ವೈನಿಗೆ ವಾಸನೆಯಿಲ್ಲದ ಕೆಂಪುಬಣ್ಣವನ್ನು ಬೆರಸಿ ಇಡಲಾಗಿ, ಅವರು ಅದನ್ನು ಕೆಂಪು ವೈನಿಗೆ ಸಲ್ಲುವ ಮಾತುಗಳಿಂದಲೇ ಬಣ್ಣಿಸಿದರೆಂದು ಮೊರೋ, ಬ್ರೋಶೆ, ದ್ಯುಬೂರ್ದಿಯು ಎಂಬ ಮೂವರು ಸಂಶೋಧಕರು 2001ರಲ್ಲಿ ಪ್ರಕಟಿಸಿದರು. ಹೆಸರು, ಬೆಲೆ, ಬಣ್ಣ ಇವುಗಳೆಲ್ಲ ತೀರ್ಪನ್ನು ಮುಂಚಿತವಾಗಿಯೇ ಬರೆದಿಡುತ್ತವೆ. ಸೀಸೆಯ ಹೆಸರುಪಟ್ಟಿಯನ್ನು ಮರೆಮಾಡಿ ಪರೀಕ್ಷಿಸುವ ಪದ್ಧತಿ ಬಂದದ್ದು ಇದಕ್ಕಾಗಿಯೇ. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಆಂಗ್ಲ ವ್ಯಾಪಾರಿ ಏರ್ಪಡಿಸಿದ ಅಂಥ ಪರೀಕ್ಷೆಯಲ್ಲಿ, ಫ್ರೆಂಚ್ ತಜ್ಞರೇ ತೀರ್ಪುಗಾರರಾಗಿದ್ದರೂ, ಬೋರ್ದೋದ ಪ್ರಥಮ ದರ್ಜೆಯ ವೈನುಗಳನ್ನು ಹಿಂದಿಕ್ಕಿ ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ ತೋಟದ 1973ರ ಕ್ಯಾಬರ್ನೆ ಮೊದಲ ಸ್ಥಾನವನ್ನು ಪಡೆಯಿತು.

ಘನವೈನಿಗೆ ಸಲ್ಲಬೇಕಾದ ಉಪಚಾರಗಳು ಹೆಚ್ಚಿನವಲ್ಲ. ಅದನ್ನು 16ರಿಂದ 18 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಕೊಡುವುದು ಒಳ್ಳೆಯದು. ಕೋಣೆಯ ಉಷ್ಣವೆಂದು ಯೂರೋಪಿನ ಹಿಂದಿನವರು ಹೇಳಿದ್ದು ಅಲ್ಲಿಯ ತಣ್ಣನೆಯ ಮನೆಗಳ ಉಷ್ಣವಾದುದರಿಂದ, ನಮ್ಮ ಬಿಸಿಲುನಾಡಿನಲ್ಲಿ ಸೀಸೆಯನ್ನು ಸ್ವಲ್ಪ ಹೊತ್ತು ತಂಪಿನಲ್ಲಿಡುವುದು ಅವಶ್ಯ. ಬೆಚ್ಚಗಾದಾಗ ಮದ್ಯಸಾರವೇ ಮುಂದಾಗುತ್ತದೆ, ತೀರ ತಣ್ಣಗಾದಾಗ ಒಗರು ಬಿರುಸಾಗುತ್ತದೆ. ಹಳೆಯ ವೈನಿನಲ್ಲಿ ಬಣ್ಣವೂ ಟ್ಯಾನಿನ್ನೂ ಪರಸ್ಪರ ಬೆಸೆದು ದೊಡ್ಡ ಕಣಗಳಾಗಿ ಗಷ್ಟಿನ ರೂಪದಲ್ಲಿ ತಳಕ್ಕಿಳಿದಿರುವುದರಿಂದ, ಮೇಲಿನ ತಿಳಿಯನ್ನು ಮೆಲ್ಲನೆ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಬೇಕು. ಎಳೆಯ ವೈನನ್ನಾದರೋ ಗಾಳಿಯ ಸಂಪರ್ಕದಿಂದ ಗಂಧವರಳಲೆಂದು ಹಾಗೆ ಬಗ್ಗಿಸುತ್ತಾರೆ. ಮಾಂಸ, ಗಿಣ್ಣು ಮುಂತಾದ ಪ್ರೋಟೀನು ಕೊಬ್ಬುಗಳುಳ್ಳ ಆಹಾರದ ಜೊತೆಯಲ್ಲಿ ಒಗರು ಮೃದುವಾಗುವುದು. ಮೆಣಸಿನಕಾಯಿಯ ಖಾರದೊಡನೆ ಮಾತ್ರ ಮದ್ಯಸಾರ ಸೇರಿದರೆ ಉರಿ ಹೆಚ್ಚುವುದರಿಂದ, ಖಾರದಡುಗೆಯ ಪಕ್ಕದಲ್ಲಿ ಘನವೈನಿಗೆ ನ್ಯಾಯ ದೊರೆಯುವುದು ಕಷ್ಟ.

ಕನ್ನಡನಾಡಿಗೂ ಈ ವಿದ್ಯೆಗೂ ನಂಟು ಬೆಳೆದಿದೆ. ನಮ್ಮಲ್ಲಿ ವೈನ್ ಎಂದರೆ ಬಹುಕಾಲ ಬೆಂಗಳೂರು ನೀಲಿದ್ರಾಕ್ಷಿಯಂಥ ಹಣ್ಣುಗಳಿಂದಾದ ಸಿಹಿಪಾನೀಯವೆಂದೇ ಹಲವರ ತಿಳಿವಳಿಕೆಯಾಗಿತ್ತು; ಆ ಸಿಹಿಗೆ ಒಗ್ಗಿದ ನಾಲಗೆಗೆ ಒಣ ಕೆಂಪು ವೈನು ಮೊದಲಲ್ಲಿ ಒರಟೆನಿಸುವುದು ಆಶ್ಚರ್ಯವಲ್ಲ. ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ ಗ್ರೋವರ್ ತೋಟದವರು ಫ್ರೆಂಚ್ ತಳಿಗಳನ್ನು ನೆಟ್ಟು, ಬೋರ್ದೋ ಸೀಮೆಯ ಖ್ಯಾತ ತಜ್ಞ ಮಿಶೆಲ್ ರೋಲಾಂ ಅವರ ಸಲಹೆಯಿಂದ ಕ್ಯಾಬರ್ನೆ ಮತ್ತು ಶಿರಾಜ್ ಕೂಡಿದ ಲಾ ರಿಸರ್ವ್ ಎಂಬ ವೈನನ್ನು ರೂಪಿಸಿದರು. ಇಲ್ಲಿ ಯೂರೋಪಿನಂತೆ ಬಳ್ಳಿಗಳು ಚಳಿಗಾಲದಲ್ಲಿ ನಿದ್ರಿಸುವುದಿಲ್ಲ. ವರ್ಷಕ್ಕೆ ಎರಡು ಬಾರಿ ಸವರಿ, ಮಳೆ ಕಳೆದ ಬಳಿಕ ಮಾಗುವ ಒಂದೇ ಫಸಲನ್ನು ವೈನಿಗೆಂದು ಕೊಯ್ಯಬೇಕಾಗುತ್ತದೆ. ಮೆದೋಕಿನ ಕಲ್ಲುನೆಲವನ್ನೂ ನಂದಿಯ ಕೆಮ್ಮಣ್ಣನ್ನೂ ಅಕ್ಕಪಕ್ಕದ ಎರಡು ಲೋಟಗಳಲ್ಲಿ ಇಟ್ಟುಕೊಂಡು ತುಲನೆ ಮಾಡುವ ಅವಕಾಶ ಹೀಗೆ ಇಂದಿನ ಕನ್ನಡಿಗನಿಗೆ ಒದಗಿದೆ.

ಭರತಮುನಿಯು ರಸದ ಸ್ವರೂಪವನ್ನು ವಿವರಿಸಲು ಊಟದ ದೃಷ್ಟಾಂತವನ್ನೇ ಆರಿಸಿಕೊಂಡನು. ಮತ್ತು ಉಣ್ಣುವವನ ಮನಸ್ಸು ಪ್ರಸನ್ನವಾಗಿರಬೇಕೆಂಬುದನ್ನು ಅಲ್ಲಿಯೇ ಸೂಚಿಸಿದನು. ವ್ಯಂಜನಗಳು ಎಷ್ಟೇ ಇರಲಿ, ಅವು ಒಂದಾಗಿ ಬೆರೆತು ಕೊಡುವ ಸವಿ ಅವುಗಳಲ್ಲಿ ಯಾವೊಂದರದೂ ಅಲ್ಲ. ಘನವೈನಿನಲ್ಲಿ ನಾವು ಅರಸಬೇಕಾದುದೂ ಆ ಕೂಡುಸವಿಯನ್ನೇ. ಎರಡು ವೈನುಗಳನ್ನು ಹೆಸರು ಮರೆಮಾಡಿ ಪಕ್ಕಪಕ್ಕದಲ್ಲಿಟ್ಟು, ಸ್ವಲ್ಪಸ್ವಲ್ಪವಾಗಿ ಸವಿದು, ಕಂಡದ್ದನ್ನು ತನ್ನ ಮಾತಿನಲ್ಲಿ ಬರೆದಿಡುವ ಅಭ್ಯಾಸವನ್ನು ಕೆಲಕಾಲ ನಡೆಸಿದವನು, ಯಾವುದು ಹೆಚ್ಚು ಬಲವಾದುದು ಎಂದು ಕೇಳುವುದನ್ನು ತಾನಾಗಿಯೇ ಬಿಟ್ಟು, ಯಾವುದರಲ್ಲಿ ಬಲವು ಹದಕ್ಕೆ ಅಡಗಿದೆ ಎಂದು ಕೇಳತೊಡಗುವನು. ಆ ಪ್ರಶ್ನೆ ಹುಟ್ಟಿದ ದಿನವೇ ಅವನು ರಸಜ್ಞರ ಸಾಲಿಗೆ ಸೇರಿದನೆಂದು ಧೈರ್ಯವಾಗಿ ಹೇಳಬಹುದು.